ಅರ್ಧಕ್ಕೆ ನಿಂತ ಪಾಠ: ಟಾಮ್ ವಿಲ್ಸ್‌ನ ಬದುಕು

ಅಭ್ಯಾಸ ಬೋಧನೆಯ ಆರನೆಯ ಪಾಠಕ್ಕೆ ನನಗೆ ಸಿಕ್ಕಿದ್ದು ಎಂಟನೆಯ ತರಗತಿ. ಪಾಠ, ಸಂವಿಧಾನ ರಚನೆ. ನಿಯಮಗಳನ್ನು ಜನರೇ ಕೂತು, ಚರ್ಚಿಸಿ ಬರೆಯುತ್ತಾರೆ ಎನ್ನುವುದನ್ನು ಮೊದಲ ಐದು ನಿಮಿಷದಲ್ಲಿ ಮಕ್ಕಳಿಗೆ ಮುಟ್ಟಿಸಬೇಕಿತ್ತು. ಪೀಠಿಕೆಗೆ ಒಂದು ಕಥೆ ಹುಡುಕುತ್ತಿದ್ದೆ. ಮೆಲ್ಬರ್ನ್‌ನಲ್ಲಿ ಕೆಲಸಕ್ಕಿರುವ ನನ್ನ ಅಣ್ಣ ಅದಕ್ಕೆ ಸ್ವಲ್ಪ ಮುಂಚೆ ಕ್ರಿಕೆಟ್ ನೋಡಲು ಹೋಗಿದ್ದವನು ಮೈದಾನದ ಹೊರಗಿನ ಒಂದು ಕಂಚಿನ ಪ್ರತಿಮೆಯ ಫೋಟೊ ಕಳಿಸಿದ್ದ. ಇಬ್ಬರು ಹುಡುಗರು ಚೆಂಡಿಗಾಗಿ ಸೆಣಸುತ್ತಿದ್ದಾರೆ, ಪಕ್ಕದಲ್ಲಿ ಒಬ್ಬ ಅಂಪೈರ್. ಆ ಅಂಪೈರ್ ಹೆಸರು ಟಾಮ್ ವಿಲ್ಸ್. ಆಸ್ಟ್ರೇಲಿಯನ್ ಫುಟ್‌ಬಾಲ್ ಎಂಬ ಆಟದ ನಿಯಮಗಳನ್ನು ಮೊದಲು ಬರೆದ ನಾಲ್ಕೈದು ಜನರಲ್ಲಿ ಇವನೂ ಒಬ್ಬ. ನನಗೆ ಬೇಕಾದ ಕಥೆ ಕೈಗೆ ಸಿಕ್ಕಿತು ಅಂದುಕೊಂಡೆ.

ಪೀಠಿಕೆ ಚೆನ್ನಾಗಿಯೇ ಹೋಯಿತು. ಮಕ್ಕಳು ಚೆಂಡಿನ ಆಕಾರ ನೋಡಿ ನಕ್ಕರು, ಹದಿನೆಂಟು ಹದಿನೆಂಟು ಜನರ ಎರಡು ತಂಡ ಎಂದಾಗ ಕಣ್ಣರಳಿಸಿದರು. 1859ರಲ್ಲಿ ನಿಯಮ ಬರೆದರು, ಈಗ ಅದೇ ಆಟದ ಫೈನಲ್‌ಗೆ ಲಕ್ಷದ ಹತ್ತಿರ ಜನ ಸೇರುತ್ತಾರೆ ಎಂದು ಹೇಳಿ ನಾನು ಸಂವಿಧಾನ ಸಭೆಗೆ ದಾಟುವವಳಿದ್ದೆ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, ಆಮೇಲೆ ಅವನು ಏನಾದ ಟೀಚರ್ ಎಂದು ಕೇಳಿದಳು. ತೀರಿಕೊಂಡ ಎಂದೆ. ಅವಳು ಕೂತಳು. ಅವಳಿಗೆ ಸಮಾಧಾನವಾಗಲಿಲ್ಲ ಎನ್ನುವುದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಹಿಂದೆ ಕೂತಿದ್ದ ನಮ್ಮ ಮಾರ್ಗದರ್ಶಕ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಎರಡು ಟಿಪ್ಪಣಿ ಬರೆದಿದ್ದರು. ಈ ಆಟವನ್ನು ಅವನು ಮೂಲನಿವಾಸಿಗಳಿಂದ ಕಲಿತ ಎಂದು ನಾನು ಹೇಳಿದ್ದೆನಲ್ಲ, ಅದಕ್ಕೆ ಆಧಾರವೇನು ಎನ್ನುವುದು ಒಂದು. ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಎನ್ನುವುದು ಇನ್ನೊಂದು. ಎರಡೂ ನಿಜ. ಫೋಟೊದ ಜೊತೆ ಬಂದ ನಾಲ್ಕು ಸಾಲು ಓದಿಕೊಂಡು ನಾನು ಪಾಠಕ್ಕೆ ಇಳಿದಿದ್ದೆ. ಆ ವಾರವೆಲ್ಲ ಕೂತು ಓದಿದೆ. ಓದಿದ ಮೇಲೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಟಾಮ್ ವಿಲ್ಸ್ ಹುಟ್ಟಿದ್ದು 1835ರ ಆಗಸ್ಟ್ 19ರಂದು, ಆಗಿನ ಬ್ರಿಟಿಷ್ ವಸಾಹತು ನ್ಯೂ ಸೌತ್ ವೇಲ್ಸ್‌ನಲ್ಲಿ. ಅಜ್ಜ ಎಡ್ವರ್ಡ್ ವಿಲ್ಸ್ ಇಂಗ್ಲೆಂಡಿನಿಂದ ಗಡೀಪಾರಾಗಿ ಬಂದ ಅಪರಾಧಿ. ಅಪ್ಪ ಹೊರೇಷಿಯೊ ವಿಲ್ಸ್ ಆ ಹೆಸರನ್ನು ತೊಳೆದುಕೊಳ್ಳಲು ಛಲ ತೊಟ್ಟವನು. ಕುರಿ ಸಾಕಣೆಯಲ್ಲಿ ಕಾಸು ಮಾಡಿದ, ಮುಂದೆ ವಿಕ್ಟೋರಿಯಾದ ಶಾಸನಸಭೆಯ ಸದಸ್ಯನೂ ಆದ. ಟಾಮ್ ಇನ್ನೂ ಚಿಕ್ಕವನಿದ್ದಾಗ ಕುಟುಂಬ ದಕ್ಷಿಣಕ್ಕೆ ಹೋಗಿ ಈಗಿನ ವಿಕ್ಟೋರಿಯಾ ರಾಜ್ಯದ ಅರಾರಟ್ ಊರಿನ ಹತ್ತಿರ ಹುಲ್ಲುಗಾವಲು ಹಿಡಿದು ನೆಲೆಸಿತು. ಹಿಡಿದು ಎಂದೇ ಬರೆಯಬೇಕು, ಏಕೆಂದರೆ ಅದು ಜಾಬ್ ವುರುಂಗ್ ಎಂಬ ಮೂಲನಿವಾಸಿ ಜನರ ನೆಲ. ಸುತ್ತ ಬಿಳಿಯರ ಮಕ್ಕಳು ಇರಲಿಲ್ಲ. ಟಾಮ್‌ನ ಜೊತೆಗಾರರು ಜಾಬ್ ವುರುಂಗ್ ಹುಡುಗರೇ. ಅವರ ಭಾಷೆ ಅವನಿಗೆ ಬರುತ್ತಿತ್ತು, ಅವರ ಹಾಡು ಹೇಳುತ್ತಿದ್ದ, ಅವರ ಹಾವಭಾವಗಳನ್ನೂ ಕಲಿತಿದ್ದ ಎಂದು ಮನೆಯವರ ನೆನಪುಗಳಿಂದ ತಿಳಿಯುತ್ತದೆ.

ನಾನು ತಪ್ಪಿದ್ದು ಇಲ್ಲೇ. ವಿಕ್ಟೋರಿಯಾದ ಮೂಲನಿವಾಸಿಗಳಲ್ಲಿ ಒಂದು ಚೆಂಡಾಟ ಇತ್ತು. ಅದನ್ನು ಈಗ ಮಾರ್ನ್‌ಗ್ರೂಕ್ ಎನ್ನುತ್ತಾರೆ. ಪೊಸಮ್ ಎಂಬ ಪ್ರಾಣಿಯ ಚರ್ಮದಿಂದ ಚೆಂಡು ಮಾಡಿ, ಕಾಲಿನಿಂದ ಎತ್ತರಕ್ಕೆ ಒದ್ದು, ಹಾರಿ ಹಿಡಿಯುವ ಆಟ. ಆಸ್ಟ್ರೇಲಿಯನ್ ಫುಟ್‌ಬಾಲಿನಲ್ಲಿಯೂ ಒದ್ದ ಚೆಂಡನ್ನು ಹಾರಿ ಹಿಡಿಯುವುದೇ ನೋಡಲು ಬಲು ಸೊಗಸು. ಹಾಗಾಗಿ ಒಂದರಿಂದ ಇನ್ನೊಂದು ಬಂತು ಎಂದು ಹೇಳುವವರಿದ್ದಾರೆ. ಆದರೆ ಹಾಗೆಂದು ಟಾಮ್ ಬರೆದ ಒಂದು ಸಾಲೂ ಸಿಕ್ಕಿಲ್ಲ. ಮೊದಲ ನಿಯಮಗಳನ್ನು ನೋಡಿದರೆ ಇಂಗ್ಲೆಂಡಿನ ಶಾಲೆಗಳ ಆಟದ ನೆರಳೇ ಹೆಚ್ಚು. ಬಾಲ್ಯದ ಆ ಒಡನಾಟ ಮನಸ್ಸಿನಲ್ಲಿ ಏನನ್ನೂ ಬಿಟ್ಟಿರಲಾರದು ಎಂದು ಹೇಳುವುದೂ ಕಷ್ಟ. ಇತಿಹಾಸಕಾರರು ಇನ್ನೂ ಜಗಳವಾಡುತ್ತಿರುವ ವಿಷಯವನ್ನು ನಾನು ಕಪ್ಪುಹಲಗೆಯ ಮೇಲೆ ಒಂದೇ ಬಾಣ ಎಳೆದು ಮುಗಿಸಿಬಿಟ್ಟಿದ್ದೆ.

1850ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಅಪ್ಪ ಅವನನ್ನು ಇಂಗ್ಲೆಂಡಿನ ರಗ್ಬಿ ಶಾಲೆಗೆ ಕಳಿಸಿದ. ಕೇಂಬ್ರಿಜ್‌ಗೆ ಹೋಗಿ ವಕೀಲನಾಗಬೇಕು ಎಂಬುದು ಅಪ್ಪನ ಆಸೆ. ಪುಸ್ತಕಕ್ಕೂ ಟಾಮ್‌ಗೂ ಅಷ್ಟಕ್ಕಷ್ಟೆ. ಮೈದಾನದಲ್ಲಿ ಮಾತ್ರ ಅವನನ್ನು ಹಿಡಿಯುವವರಿರಲಿಲ್ಲ. ಶಾಲೆಯ ಕ್ರಿಕೆಟ್ ತಂಡದ ನಾಯಕನಾದ. ಆ ಶಾಲೆಯ ಹೆಸರನ್ನೇ ಹೊತ್ತ ಒರಟು ಫುಟ್‌ಬಾಲನ್ನೂ ಆಡಿದ. ಶಾಲೆ ಬಿಟ್ಟ ಮೇಲೆ ಕೆಂಟ್ ತಂಡಕ್ಕೆ ಆಡಿದ. 1856ರಲ್ಲಿ ಕೇಂಬ್ರಿಜ್ ಪರವಾಗಿ ಆಕ್ಸ್‌ಫರ್ಡ್ ವಿರುದ್ಧವೂ ಕಣಕ್ಕಿಳಿದ. ವಿಚಿತ್ರವೆಂದರೆ ಆ ವಿಶ್ವವಿದ್ಯಾಲಯದಲ್ಲಿ ಅವನು ಒಂದು ದಿನವೂ ಓದಿದವನಲ್ಲ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ಗೆ ಮರಳಿದ. ಬಂಗಾರ ಸಿಕ್ಕಿ ಊರು ಉಬ್ಬಿದ ಕಾಲ ಅದು. ಒಂದೆರಡು ವರ್ಷದಲ್ಲೇ ಟಾಮ್ ವಸಾಹತುಗಳ ಅತ್ಯುತ್ತಮ ಕ್ರಿಕೆಟಿಗ ಎನಿಸಿಕೊಂಡ. 1858ರ ಜನವರಿಯಲ್ಲಿ ಅವನ ನಾಯಕತ್ವದಲ್ಲಿ ವಿಕ್ಟೋರಿಯಾ ತಂಡ ನ್ಯೂ ಸೌತ್ ವೇಲ್ಸನ್ನು ಸೋಲಿಸಿತು. ಮೆಲ್ಬರ್ನ್ ಕ್ರಿಕೆಟ್ ಕ್ಲಬ್ಬಿನ ಕಾರ್ಯದರ್ಶಿಯೂ ಆದ. ಕಡತ, ಲೆಕ್ಕ, ನಡಾವಳಿ ಅವನಿಗೆ ಒಗ್ಗುವ ಕೆಲಸವಾಗಿರಲಿಲ್ಲ. ಎಲ್ಲವನ್ನೂ ಅಸ್ತವ್ಯಸ್ತ ಮಾಡಿಟ್ಟು ಹೊರಬಂದ. ಮೈದಾನದಲ್ಲಿ ಅಷ್ಟು ಶಿಸ್ತಿನವನು ಕಚೇರಿಯಲ್ಲಿ ಹೀಗೆ. ಇಂಥ ವಿದ್ಯಾರ್ಥಿಗಳನ್ನು ನಾವೂ ಕಂಡಿದ್ದೇವೆ.

1858ರ ಜುಲೈ 10ರಂದು ಮೆಲ್ಬರ್ನ್‌ನ ಒಂದು ಕ್ರೀಡಾ ಪತ್ರಿಕೆಯಲ್ಲಿ ಅವನ ಪತ್ರ ಅಚ್ಚಾಯಿತು. ಚಳಿಗಾಲದಲ್ಲಿ ಕ್ರಿಕೆಟ್ ಇಲ್ಲದೆ ಆಟಗಾರರ ಮೈ ಜಡವಾಗುತ್ತದೆ, ಆದ್ದರಿಂದ ಒಂದು ಫುಟ್‌ಬಾಲ್ ಕ್ಲಬ್ಬು ಕಟ್ಟಿ, ಸಮಿತಿ ಮಾಡಿ, ಆಟಕ್ಕೆ ನಿಯಮಗಳನ್ನು ರೂಪಿಸಬೇಕು ಎಂಬುದು ಪತ್ರದ ಸಾರ. ಪತ್ರಕ್ಕೆ ತಿಂಗಳು ತುಂಬುವ ಮೊದಲೇ, ಆಗಸ್ಟ್ 7ರ ಶನಿವಾರ, ಸ್ಕಾಚ್ ಕಾಲೇಜು ಮತ್ತು ಮೆಲ್ಬರ್ನ್ ಗ್ರಾಮರ್ ಶಾಲೆಗಳ ನಡುವೆ ಪಂದ್ಯ ನಡೆಯಿತು. ಒಂದೊಂದು ಕಡೆ ನಲವತ್ತು ಹುಡುಗರು. ಮೈದಾನವೆಂದರೆ ಮರಗಿಡಗಳಿದ್ದ ಬಯಲು, ಗೋಲು ಕಂಬಗಳು ಎಲ್ಲೋ ದೂರದಲ್ಲಿ. ಮೂರು ಶನಿವಾರ ಆಡಿದರೂ ಎರಡೂ ಕಡೆಗೆ ಒಂದೊಂದೇ ಗೋಲು. ಕೊನೆಗೆ ಡ್ರಾ ಎಂದು ಬಿಟ್ಟರು. ಅಂಪೈರ್‌ಗಳಲ್ಲಿ ಒಬ್ಬ ಟಾಮ್ ವಿಲ್ಸ್, ಇನ್ನೊಬ್ಬ ಸ್ಕಾಚ್ ಕಾಲೇಜಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಜಾನ್ ಮ್ಯಾಕಡಮ್. ಈಗ ಅಂಗಡಿಗಳಲ್ಲಿ ಸಿಗುವ ದುಬಾರಿ ಮ್ಯಾಕಡೇಮಿಯಾ ಬೀಜಕ್ಕೆ ಹೆಸರು ಬಂದದ್ದು ಈ ಮೇಷ್ಟ್ರಿಂದಲೇ. ಅಣ್ಣ ಕಳಿಸಿದ ಫೋಟೊದಲ್ಲಿದ್ದ ಪ್ರತಿಮೆ ಈ ಪಂದ್ಯದ ನೆನಪಿಗೆ ನಿಲ್ಲಿಸಿದ್ದು.

ನಿಯಮ ಬರೆದ ದಿನ 1859ರ ಮೇ 17. ಜಾಗ, ಮೈದಾನದ ಹತ್ತಿರದ ಪರೇಡ್ ಹೋಟೆಲ್. ಟಾಮ್‌ನ ಜೊತೆ ಕೂತವರಲ್ಲಿ ವಿಲಿಯಂ ಹ್ಯಾಮರ್ಸ್ಲಿ ಮತ್ತು ಜೆ. ಬಿ. ಥಾಮ್ಸನ್ ಪತ್ರಕರ್ತರು, ಕೇಂಬ್ರಿಜ್‌ನಲ್ಲಿ ಓದಿದವರು. ಥಾಮಸ್ ಸ್ಮಿತ್ ಐರ್ಲೆಂಡಿನವನು, ಸ್ಕಾಚ್ ಕಾಲೇಜಿನಲ್ಲಿ ಮೇಷ್ಟ್ರು. ಒಬ್ಬೊಬ್ಬರು ಒಂದೊಂದು ಶಾಲೆಯ ಆಟ ಆಡಿ ಬೆಳೆದವರು, ಒಬ್ಬೊಬ್ಬರಿಗೂ ತಮ್ಮದೇ ಸರಿ. ಟಾಮ್‌ಗೆ ರಗ್ಬಿಯ ನಿಯಮಗಳ ಮೇಲೆ ಒಲವು. ಉಳಿದವರಿಗೆ ಅವು ತೀರ ಗೋಜಲು ಅನ್ನಿಸಿತು. ಅದಲ್ಲದೆ ಇಂಗ್ಲೆಂಡಿನ ಮೆತ್ತನೆಯ ಹುಲ್ಲಿನ ಮೇಲೆ ಬೀಳುವುದು ಬೇರೆ, ಮೆಲ್ಬರ್ನ್‌ನ ಗಟ್ಟಿ ನೆಲದ ಮೇಲೆ ಬೀಳುವುದು ಬೇರೆ. ಇವರು ಶಾಲಾ ಹುಡುಗರೂ ಅಲ್ಲ. ಸೋಮವಾರ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬೇಕಾದವರು. ಆದ್ದರಿಂದ ಎದುರಾಳಿಯ ಕಾಲಿಗೆ ಒದೆಯುವುದನ್ನು ನಿಷೇಧಿಸಿದರು. ಚೆಂಡನ್ನು ಎಸೆಯುವಂತಿಲ್ಲ ಎಂದರು. ನೇರವಾಗಿ ಒದ್ದ ಚೆಂಡನ್ನು ಹಿಡಿಯಬಹುದು, ಇಲ್ಲವೇ ಪುಟಿದಾಗ ಕೈಗೆತ್ತಿಕೊಳ್ಳಬಹುದು ಎಂದರು. ಆಫ್‌ಸೈಡ್ ಎಂಬ ನಿಯಮವನ್ನು ಬರೆಯಲೇ ಇಲ್ಲ. ಒಟ್ಟು ಹತ್ತು ನಿಯಮ. ಒಂದೇ ಹಾಳೆಯಲ್ಲಿ ಹಿಡಿಸುವಷ್ಟು. ಕಾಲು ಕೊಟ್ಟು ಬೀಳಿಸುವುದಕ್ಕೆ ಮೊದಲು ಅನುಮತಿ ಇತ್ತು. ಅದರಿಂದ ಜಗಳ ಹೆಚ್ಚಾಗಿ ಸ್ವಲ್ಪ ಕಾಲದಲ್ಲೇ ಅದನ್ನೂ ಕಿತ್ತುಹಾಕಿದರು. ತಿದ್ದುಪಡಿ ಎಂದರೇನು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಟಾಮ್ ತನ್ನ ಇಷ್ಟದ ನಿಯಮಗಳನ್ನು ಬಿಟ್ಟುಕೊಟ್ಟು ಒಪ್ಪಿದ್ದನ್ನೇ ಆಡಿದ ಎನ್ನುವುದು ಎರಡನೆಯ ಸಲ ಪಾಠ ಮಾಡಿದಾಗ ಮಕ್ಕಳಿಗೆ ಬಹಳ ಹಿಡಿಸಿತು.

ಮೊದಲ ಸಲ ನನ್ನ ಪಾಠ ಇಲ್ಲಿಗೇ ನಿಂತಿತ್ತು. ಆಗ ಅವನಿಗೆ ಇಪ್ಪತ್ತಮೂರು ವರ್ಷ.

1861ರ ಆರಂಭದಲ್ಲಿ ಅಪ್ಪ ಹೊರೇಷಿಯೊ ಉತ್ತರದ ಕ್ವೀನ್ಸ್‌ಲ್ಯಾಂಡಿನಲ್ಲಿ ದೊಡ್ಡ ಹುಲ್ಲುಗಾವಲು ಹಿಡಿಯಲು ಹೊರಟ. ಮಗನೂ ಜೊತೆಗೆ ಬರಬೇಕೆಂದ. ಟಾಮ್ ಆಟದ ಉತ್ತುಂಗದಲ್ಲಿದ್ದ, ಆದರೂ ಹೊರಟ. ಹತ್ತು ಸಾವಿರದಷ್ಟು ಕುರಿಗಳನ್ನು ಅಟ್ಟಿಕೊಂಡು, ಹೆಂಗಸರು ಮಕ್ಕಳನ್ನು ಗಾಡಿಗಳಲ್ಲಿ ಕೂರಿಸಿಕೊಂಡು ತಿಂಗಳುಗಟ್ಟಲೆ ನಡೆದು ಅಕ್ಟೋಬರ್‌ನಲ್ಲಿ ಕಲಿನ್-ಲಾ-ರಿಂಗೊ ಎಂಬಲ್ಲಿ ಡೇರೆ ಹಾಕಿದರು. ಅದು ಗಾಯಿರಿ ಜನರ ನೆಲ. ಅಲ್ಲಿ ಮೊದಲೇ ಕಿಡಿ ಹತ್ತಿತ್ತು. ಕುರಿ ಕದ್ದರೆಂಬ ಆರೋಪದ ಮೇಲೆ ನೆರೆಯ ಬಿಳಿಯನೊಬ್ಬ ಮೂಲನಿವಾಸಿಗಳ ಮೇಲೆ ಗುಂಡು ಹಾರಿಸಿದ್ದ. ಹೊರೇಷಿಯೊಗೆ ತಾನು ಎಲ್ಲರ ಜೊತೆ ಹೊಂದಿಕೊಂಡು ಹೋಗಬಲ್ಲೆ ಎಂಬ ನಂಬಿಕೆ. ಬಂದೂಕುಗಳಿದ್ದರೂ ಕಾವಲಿನ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಅಕ್ಟೋಬರ್ 17ರ ಮಧ್ಯಾಹ್ನ ದಾಳಿ ನಡೆಯಿತು. ಹೊರೇಷಿಯೊ ಸೇರಿ ಹತ್ತೊಂಬತ್ತು ಜನ, ಗಂಡಸರು ಹೆಂಗಸರು ಮಕ್ಕಳು, ಸತ್ತರು. ಸಾಮಾನು ತರಲು ಹೋಗಿದ್ದ ಟಾಮ್ ಬದುಕಿಕೊಂಡ. ಬಂದು ನೋಡಿದಾಗ ಅಪ್ಪನ ಶವ.

ಆಮೇಲೆ ನಡೆದ ಪ್ರತೀಕಾರದಲ್ಲಿ ಪೊಲೀಸರೂ ಬಿಳಿಯ ವಲಸಿಗರೂ ಸೇರಿ ಮೂಲನಿವಾಸಿಗಳನ್ನು ಬೇಟೆಯಾಡಿದರು. ಸತ್ತವರು ನೂರಾರು ಜನ ಎಂಬುದು ಇತಿಹಾಸಕಾರರ ಅಂದಾಜು. ಆ ದಿನಗಳಲ್ಲಿ ಟಾಮ್ ಮನೆಗೆ ಬರೆದ ಪತ್ರಗಳಲ್ಲಿ ಸೇಡಿನ ಮಾತಿದೆ. ಅವನು ಸ್ವತಃ ಆ ಕೊಲೆಗಳಲ್ಲಿ ಕೈ ಹಾಕಿದನೇ? ಹಾಕಿದ ಎಂದು ಹೇಳುವ, 1895ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಹೆಸರಿಲ್ಲದೆ ಅಚ್ಚಾದ ಒಂದು ಬರಹ 2021ರಲ್ಲಿ ಬೆಳಕಿಗೆ ಬಂತು. ಅದನ್ನು ಎಷ್ಟು ನಂಬಬೇಕು ಎಂಬ ಬಗ್ಗೆ ಅಲ್ಲಿನ ವಿದ್ವಾಂಸರು ಒಂದೇ ಮಾತಿಗೆ ಬಂದಿಲ್ಲ. ಈ ಭಾಗವನ್ನು ಓದಿದ ರಾತ್ರಿ ನಾನು ಟಾಮ್ ವಿಲ್ಸ್‌ನನ್ನು ಬಿಟ್ಟು ಬೇರೆ ಪೀಠಿಕೆ ಹುಡುಕೋಣ ಎಂದುಕೊಂಡೆ. ಹುಡುಗಿ ಕೇಳಿದ್ದು ನೆನಪಾಗಿ ಬಿಡಲಿಲ್ಲ.

ಆ ದಿನದ ನಂತರ ಟಾಮ್ ಮೊದಲಿನ ಟಾಮ್ ಆಗಿ ಉಳಿಯಲಿಲ್ಲ. ರಾತ್ರಿ ನಿದ್ದೆ ಇಲ್ಲ. ಮೊದಲೇ ಇದ್ದ ಕುಡಿತ ಹೆಚ್ಚಿತು. ಅವನ ಜೀವನ ಚರಿತ್ರೆಯನ್ನು 2008ರಲ್ಲಿ ಬರೆದ ಗ್ರೆಗ್ ಡಿ ಮೂರ್ ವೃತ್ತಿಯಿಂದ ಮನೋವೈದ್ಯರು. ಕಂಡದ್ದು ಮತ್ತೆ ಮತ್ತೆ ಕಣ್ಣ ಮುಂದೆ ಬಂದು ಕಾಡುವ ಆಘಾತದ ಲಕ್ಷಣಗಳನ್ನು ಅವರು ಟಾಮ್‌ನಲ್ಲಿ ಗುರುತಿಸುತ್ತಾರೆ. ಆಗ ಅದಕ್ಕೆ ಹೆಸರಿರಲಿಲ್ಲ, ಔಷಧಿಯೂ ಇರಲಿಲ್ಲ. 1864ರಲ್ಲಿ ಅವನು ಕ್ವೀನ್ಸ್‌ಲ್ಯಾಂಡ್ ಬಿಟ್ಟು ವಿಕ್ಟೋರಿಯಾಕ್ಕೆ ಮರಳಿದ. ಗೀಲಾಂಗ್ ಊರಿನಲ್ಲಿ ನೆಲೆಸಿ, ಅಲ್ಲಿನ ಕ್ಲಬ್ಬಿಗೆ ಫುಟ್‌ಬಾಲ್ ಆಡುತ್ತ, ವಿಕ್ಟೋರಿಯಾಕ್ಕೆ ಕ್ರಿಕೆಟ್ ಆಡುತ್ತ ದಿನ ದೂಡಿದ.

1866ರ ಕೊನೆಯಲ್ಲಿ ಅವನು ಒಪ್ಪಿಕೊಂಡ ಕೆಲಸ ನನ್ನನ್ನು ಇವತ್ತಿಗೂ ತಡೆದು ನಿಲ್ಲಿಸುತ್ತದೆ. ಪಶ್ಚಿಮ ವಿಕ್ಟೋರಿಯಾದ ಈಡನ್‌ಹೋಪ್ ಎಂಬ ಊರಿನ ಕೆರೆಯ ಪಕ್ಕ ಒಂದು ಕ್ರಿಕೆಟ್ ತಂಡಕ್ಕೆ ತರಬೇತಿ ಕೊಡಬೇಕಿತ್ತು. ಆಟಗಾರರೆಲ್ಲ ಮೂಲನಿವಾಸಿಗಳು, ಕುರಿ ಫಾರಂಗಳಲ್ಲಿ ದುಡಿಯುವವರು. ಹೆಚ್ಚಿನವರ ಭಾಷೆ ಜಾರ್ಡ್ವಾಜಾಲಿ, ಟಾಮ್ ಬಾಲ್ಯದಲ್ಲಿ ಕಲಿತ ಭಾಷೆಗೆ ಹತ್ತಿರದ್ದು. ಅಪ್ಪ ಮೂಲನಿವಾಸಿಗಳ ಕೈಯಲ್ಲಿ ಸತ್ತು ಐದೇ ವರ್ಷ. ಏಕೆ ಒಪ್ಪಿದ? ಹಣದ ಅಡಚಣೆ ಇತ್ತು, ಅದು ಖಂಡಿತ. ಅಷ್ಟೇ ಕಾರಣವಿದ್ದೀತೆ? ಈ ಬಗ್ಗೆ ಅವನು ಏನನ್ನೂ ಬರೆದಿಡಲಿಲ್ಲ. ನಾನು ಮಕ್ಕಳಿಗೂ ಕಾರಣ ಕಟ್ಟಿ ಹೇಳಲಿಲ್ಲ. ನೀವೇ ಯೋಚಿಸಿ ಎಂದು ಬಿಟ್ಟೆ.

ಡಿಸೆಂಬರ್ 26ರಂದು ಮೆಲ್ಬರ್ನ್ ಮೈದಾನದಲ್ಲಿ ಈ ತಂಡ ಮೆಲ್ಬರ್ನ್ ಕ್ರಿಕೆಟ್ ಕ್ಲಬ್ಬಿನ ವಿರುದ್ಧ ಆಡಿತು. ಸಾವಿರಾರು ಜನ ನೋಡಲು ಬಂದರು. ನಾಯಕ ಟಾಮ್ ವಿಲ್ಸ್. ತಂಡ ಸೋತಿತು. ಜನ ಮಾತ್ರ ಜಾನಿ ಮುಲ್ಲಾ ಎಂಬವನ ಬ್ಯಾಟಿಂಗ್ ನೋಡಿ ಬೆರಗಾಗಿ ಹೋದರು. ಅವನ ನಿಜವಾದ ಹೆಸರು ಉನಾರಿಮಿನ್. ಇದನ್ನು ಹೇಳುವಾಗ ನನ್ನ ಬಳಿ ಮಕ್ಕಳಿಗೆ ಒಂದು ಉಡುಗೊರೆ ಇತ್ತು. ಈಗ ಅದೇ ಮೈದಾನದಲ್ಲಿ ಪ್ರತಿವರ್ಷ ಡಿಸೆಂಬರ್ 26ಕ್ಕೆ ಶುರುವಾಗುವ ಟೆಸ್ಟಿನ ಅತ್ಯುತ್ತಮ ಆಟಗಾರನಿಗೆ ಮುಲ್ಲಾ ಪದಕ ಕೊಡುತ್ತಾರೆ. 2020ರಲ್ಲಿ ಆ ಪದಕವನ್ನು ಮೊಟ್ಟಮೊದಲು ಕೊರಳಿಗೆ ಹಾಕಿಕೊಂಡವರು ನಮ್ಮ ಅಜಿಂಕ್ಯ ರಹಾನೆ. ತರಗತಿಯಲ್ಲಿ ಗದ್ದಲವೋ ಗದ್ದಲ. ಎರಡು ನಿಮಿಷ ಸುಮ್ಮನಾಗಿಸಲು ಆಗಲಿಲ್ಲ.

ತಂಡ ಮುಂದೆ ಸಿಡ್ನಿಗೆ ಹೋಯಿತು. ಪ್ರವಾಸ ಏರ್ಪಡಿಸಿದವನು ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ, ಹಣಕಾಸು ಕುಸಿಯಿತು. ಕರಾರಿನ ತಕರಾರಿಗಾಗಿ ಟಾಮ್‌ನನ್ನು ಮೈದಾನದಲ್ಲೇ ಬಂಧಿಸಿದರು. ಕೆಲವು ಆಟಗಾರರು ಕಾಯಿಲೆ ಬಿದ್ದು ತೀರಿಕೊಂಡರು. 1868ರಲ್ಲಿ ಉಳಿದವರೂ ಹೊಸಬರೂ ಸೇರಿ ಇಂಗ್ಲೆಂಡಿಗೆ ಹೋಗಿ 47 ಪಂದ್ಯ ಆಡಿದರು, 14 ಗೆದ್ದರು, 14 ಸೋತರು. ಇಂಗ್ಲೆಂಡ್ ಪ್ರವಾಸ ಮಾಡಿದ ಮೊದಲ ಆಸ್ಟ್ರೇಲಿಯನ್ ಕ್ರಿಕೆಟ್ ತಂಡ ಅದು. ಟಾಮ್ ಅದರಲ್ಲಿ ಇರಲಿಲ್ಲ. ಚಾರ್ಲ್ಸ್ ಲಾರೆನ್ಸ್ ಎಂಬ ಇನ್ನೊಬ್ಬ ಕೋಚ್ ಕರೆದುಕೊಂಡು ಹೋದ.

ಆಮೇಲಿನದು ಇಳಿಜಾರು, ಬೇಗ ಹೇಳಿ ಮುಗಿಸುತ್ತೇನೆ. ಟಾಮ್‌ನ ಬೌಲಿಂಗ್ ಬಗ್ಗೆ ಮೊದಲಿನಿಂದಲೂ ಗುಸುಗುಸು ಇತ್ತು. ಚೆಂಡನ್ನು ಎಸೆಯುತ್ತಾನೆ ಎಂದು 1872ರಲ್ಲಿ ಅಂಪೈರ್ ನೋಬಾಲ್ ಕೊಟ್ಟ. ಆಸ್ಟ್ರೇಲಿಯಾದ ಕ್ರಿಕೆಟ್‌ನಲ್ಲಿ ಇಂಥ ತೀರ್ಪು ಅದೇ ಮೊದಲು. ಹಳೆಯ ಗೆಳೆಯ ಹ್ಯಾಮರ್ಸ್ಲಿಯೇ ಪತ್ರಿಕೆಯಲ್ಲಿ ಅವನ ವಿರುದ್ಧ ಬರೆದ. ಸಾಲ, ಕುಡಿತ. ಕೊನೆಯ ವರ್ಷಗಳನ್ನು ಸಾರಾ ಬಾರ್ಬರ್ ಎಂಬ ಜೊತೆಗಾತಿಯೊಂದಿಗೆ ಮೆಲ್ಬರ್ನ್ ಹೊರವಲಯದ ಹೈಡೆಲ್‌ಬರ್ಗ್‌ನಲ್ಲಿ ಕಳೆದ. 1880ರ ಮೇ 1ರಂದು, ಮದ್ಯ ಬಿಟ್ಟಾಗ ಬರುವ ಭ್ರಮೆಗಳಿಂದ ನರಳುತ್ತಿದ್ದ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ತಪ್ಪಿಸಿಕೊಂಡು ಮನೆಗೆ ಬಂದ. ಮರುದಿನ ತಾನೇ ಪ್ರಾಣ ಕಳೆದುಕೊಂಡ. ವಯಸ್ಸು ನಲವತ್ತನಾಲ್ಕು. ಹೂತ ಜಾಗಕ್ಕೆ ಕಲ್ಲು ಕೂಡ ಇರಲಿಲ್ಲ. ಕಲ್ಲು ಹಾಕಿದ್ದು 1980ರಲ್ಲಿ, ಸತ್ತು ನೂರು ವರ್ಷಕ್ಕೆ. ಅವನ ಸೋದರ ಸಂಬಂಧಿ ಎಚ್. ಸಿ. ಎ. ಹ್ಯಾರಿಸನ್ 1929ರವರೆಗೆ ಬದುಕಿದ್ದ. ಟಾಮ್‌ನ ತಂಗಿ ಎಮಿಲಿಯನ್ನು ಮದುವೆಯಾದವನೂ ಅವನೇ. 1866ರಲ್ಲಿ ನಿಯಮಗಳನ್ನು ಪರಿಷ್ಕರಿಸುವ ಕೆಲಸದಲ್ಲಿ ಮುಂದಾಳಾಗಿದ್ದ ಅವನನ್ನೇ ಜನ ಬಹುಕಾಲ ಈ ಆಟದ ಪಿತಾಮಹ ಎಂದು ಕರೆದರು.

ಎಂಟನೆಯ ತರಗತಿಗೆ ಅವನ ಸಾವನ್ನು ಹೇಗೆ ಹೇಳುವುದು ಎಂದು ಮೇಡಂ ಹತ್ತಿರ ಕೂತು ಮಾತಾಡಿದೆ. ವಿವರ ಬೇಡ, ಸುಳ್ಳೂ ಬೇಡ ಎಂಬುದು ಅವರ ಸಲಹೆ. ಅದರಂತೆ, ಅವನ ಮನಸ್ಸಿಗೆ ದೊಡ್ಡ ಪೆಟ್ಟಾಗಿತ್ತು, ಆ ಕಾಲದಲ್ಲಿ ಅದಕ್ಕೆ ಸಹಾಯ ಸಿಗುತ್ತಿರಲಿಲ್ಲ, ಈಗ ಸಿಗುತ್ತದೆ, ಯಾರಿಗಾದರೂ ಮನಸ್ಸು ಭಾರವಾದರೆ ಮನೆಯವರಿಗೋ ಟೀಚರ್‌ಗೋ ಹೇಳಬೇಕು ಎಂದು ಹೇಳಿ, ತನ್ನ ಕೈಯಿಂದಲೇ ತೀರಿಕೊಂಡ ಎಂದೆ. ತರಗತಿ ಗಪ್‌ಚಿಪ್ ಆಯಿತು. ಮೂರನೆಯ ಬೆಂಚಿನ ಆ ಹುಡುಗಿ ಮತ್ತೆ ಕೈ ಎತ್ತಿದಳು. ಈ ಸಲ ಟಾಮ್ ಬಗ್ಗೆ ಅವಳ ಪ್ರಶ್ನೆಯಲ್ಲ. ಡೇರೆಯಲ್ಲಿ ಸತ್ತವರು ಹತ್ತೊಂಬತ್ತು ಎಂದು ಲೆಕ್ಕ ಇದೆಯಲ್ಲ, ಗಾಯಿರಿ ಜನರಲ್ಲಿ ಸತ್ತವರ ಲೆಕ್ಕ ಏಕೆ ಇಲ್ಲ, ಅವರನ್ನು ಯಾರೂ ಎಣಿಸಲಿಲ್ಲವೇ ಎಂದು ಕೇಳಿದಳು.

ಎಣಿಸಲಿಲ್ಲ ಎಂದೆ. ಉಳಿದ ಹತ್ತು ನಿಮಿಷ ಮಕ್ಕಳೇ ಮಾತಾಡಿದರು. ನಿಯಮ ಬರೆಯಲು ಯಾರು ಯಾರು ಕೂತಿದ್ದರು, ಯಾರನ್ನು ಕರೆಯಲಿಲ್ಲ ಎಂಬಲ್ಲಿಗೆ ತಾವೇ ಬಂದರು. ಅಲ್ಲಿಂದ ಸಂವಿಧಾನ ಸಭೆಯಲ್ಲಿ ಯಾರು ಯಾರಿದ್ದರು ಎಂಬಲ್ಲಿಗೆ ಹೋಗಲು ನನಗೆ ಕಷ್ಟವಾಗಲಿಲ್ಲ. ಗಂಟೆ ಹೊಡೆದಾಗ ಮೌಲ್ಯಮಾಪನದ ಐದು ಪ್ರಶ್ನೆಗಳು ಹಾಗೆಯೇ ಉಳಿದಿದ್ದವು. ಆ ಹಂತಕ್ಕೆ ಮೇಡಂ ಎರಡು ಅಂಕ ಕಳೆದಿದ್ದಾರೆ.